ಕೆಂಪಾಗದ ಚುಕ್ಕೆ

ಗಂಗಾವತಿಯ ಹೊಸ ಕಲ್ಯಾಣ ಮಂಟಪದಲ್ಲಿ ಮದುಮಕ್ಕಳಿಗೆ ನೀರೆರೆಯುವ ಸುರಗಿ ಶಾಸ್ತ್ರದ ಹೊತ್ತಿಗೇ ಸ್ಪೀಕರಿನ ಶಹನಾಯಿಗೆ ಬಿಕ್ಕಳಿಕೆ ಹತ್ತಿತು. ನಾಲ್ಕು ಸ್ವರ ನುಡಿಯುವುದು, ಗಪ್ಪನೆ ನಿಲ್ಲುವುದು. ಮೈಕು ಕೋಣೆಯ ಹನುಮೇಶನಿಗೆ ಬೆವರು ಕಿತ್ತುಬಂತು. ಈ ಮದುವೆ ಸುಸೂತ್ರವಾದರೆ ಕೆಲಸ ಕಾಯಂ, ಇಲ್ಲವಾದರೆ ಇವತ್ತೇ ಕೊನೆ ಎಂದು ಮ್ಯಾನೇಜರ್ ದೊಡ್ಡಬಸಪ್ಪನವರು ಹೇಳಿಬಿಟ್ಟಿದ್ದರು.

ಕೋಣೆ ತುಂಬ ಪಂಡಿತರು. "ವಾಯರ್ ಅಲಗ್ಯಾಡ್ಸಪಾ," ಎಂದರು ಮದುಮಗಳ ಸೋದರಮಾವ. "ಕಂಪ್ಯೂಟರಿಗೆ ದೃಷ್ಟಿ ತಾಕೈತ್ರಿ," ಎಂದು ಅಡಿಗೆಯ ಹುಸೇನಪ್ಪ ನಿಂಬೆಹಣ್ಣು ನಿವಾಳಿಸಿದ.

ಕಡೆಗೆ ಬುಕಿಂಗ್ ನೋಡುವ ಅಮೃತಾ ಬಂದು, ಹಾಡು, ಮೈಕು ನಡೆಸಲು ಹನುಮೇಶ ಜೋಡಿಸಿದ್ದ ಸರ್ವರ್ ಪ್ರೋಗ್ರಾಮನ್ನು ಓದಿ ನಕ್ಕಳು.

"ಅಣ್ಣಾ, ಶಬ್ದ ಕಳಸೋ ಥ್ರೆಡ್ಡು, ಅಂದ್ರ ಪ್ರೋಗ್ರಾಮಿನ ಆಳು, ಯಾವ್ದು ಹತ್ತೈತಿ ಅಂತ ಕಂಪ್ಯೂಟರ್ ಪರದೆಗೂ ಸುದ್ದಿ ಕಳಿಸಿ, ಅದು ತಗೊಳ್ಳೋತನಕ ಕಾಯಾಕತ್ತೈತ್ರಿ. ಅಷ್ಟರಾಗ ಹಾಡು ತುಂಡಾಗ್ತೈತಿ. ಲಗ್ನಪತ್ರಿಕಿ ಹಂಚಾಕ ಹೋದಾಗ ಬಾಗಲಾ ಹಾಕಿದ್ರ ಕಟ್ಟಿಮ್ಯಾಲೆ ಕುಂತಬಿಡ್ತೀರೇನು?"

"ಇಲ್ಲವ್ವ, ಮುಂದಿನ ಮನಿಗೆ ಹೋಗ್ತೀವಿ."

"ಸುದ್ದಿ ಒಯ್ಯೋ ಸಾಕೆಟ್ಟಿಗೂ ಹಂಗ ಹೇಳ್ರಿ. ತಗೊಂಡ್ರ ಛಲೋ, ಇಲ್ಲಂದ್ರ ಸುದ್ದಿ ಬಿಟ್ಟು ನಡಿ ಅಂತ."

ಒಂದೇ ಸಾಲು ತಿದ್ದಿದ್ದು. ಕಾಲುವೆಗೆ ನೀರು ಬಿಟ್ಟಂತೆ ಶಹನಾಯಿ ಹರಿಯಿತು. ಅಕ್ಕಿಕಾಳು ಬಿದ್ದವು, ಬೀಗರು ಕೈಮುಗಿದರು. "ಊಟ ಆದಮ್ಯಾಲೆ ನಿಂದು ಪಕ್ಕಾ ಮಾಡೂಣು," ಎಂದು ದೊಡ್ಡಬಸಪ್ಪನವರು ಬೆನ್ನು ತಟ್ಟಿ ಹೋದರು.

ಹನುಮೇಶನ ಕಣ್ಣು ಒದ್ದೆಯಾದವು. ಅಮೃತಾಳನ್ನು ಮತ್ತೆ ಕೋಣೆಗೆ ಕರೆದ. ಮೇಜಿಗೆ ಒರಗಿದಾಗ ಮೊಣಕೈ ಮೈಕಿನ ಗುಂಡಿಯ ಮೇಲೆ ಬಿತ್ತು. ಮೈಕು ಹತ್ತಿದೊಡನೆ ಪರದೆಯ ಮೇಲೊಂದು ಚುಕ್ಕೆ ಕೆಂಪಾಗಬೇಕು. ಆದರೆ ಆ ಗಳಿಗೆ ಪರದೆಗೆ ಪುರುಸೊತ್ತಿರಲಿಲ್ಲ. ಸುದ್ದಿ ಹೋಯಿತು, ಬಾಗಿಲು ಹಾಕಿತ್ತು, ಬಿಟ್ಟು ನಡೆಯಿತು. ಚುಕ್ಕೆ ಬೂದಿಯ ಬಣ್ಣದಲ್ಲೇ ಉಳಿಯಿತು.

"ತಂಗೆವ್ವಾ, ನಿನ್ನ ಉಪಕಾರ ಏಳು ಜನ್ಮಕ್ಕೂ ತೀರಂಗಿಲ್ಲ," ಎಂದ ಹನುಮೇಶ. "ಖರೇ ಹೇಳ್ತೀನಿ, ನನಗ ಇದರ ಗಂಧಗಾಳಿನೂ ಗೊತ್ತಿಲ್ಲ. ಅಲ್ಲೀದು ಇಲ್ಲೀದು ತಂದು ಅಂಟ್ಸೀನಿ. ಈ ಕುರ್ಚಿಮ್ಯಾಗ ನೀನ ಕುಂದ್ರಬೇಕವ್ವಾ!"

ಹೊರಗೆ ಊಟದ ಪಂಕ್ತಿಯಲ್ಲಿ ಸದ್ದಡಗಿತು. ದೊಡ್ಡಬಸಪ್ಪನವರು ಎಂಜಲು ಕೈಯಲ್ಲೇ ಬಾಗಿಲಿಗೆ ಬಂದರು.

"ಎಷ್ಟು ಚಂದ ಕೇಳಸ್ತೋ ಹನುಮೇಶಾ! ಒಂದು ಅಕ್ಷರನೂ ತುಂಡಾಗ್ಲಿಲ್ಲ. ನಿನ್ನಂಥಾ ಪ್ರಾಮಾಣಿಕ ಮನಷ್ಯಾನ್ನ ನಾ ಕಂಡಿಲ್ಲ. ನಿನ್ನ ಮಾತು ನಾ ತಗದಹಾಕಂಗಿಲ್ಲ. ನಾಳಿಂದ ಈ ಕುರ್ಚಿ ಅಮೃತಾಂದ!"

ಹನುಮೇಶ ಬಾಯಿ ತೆರೆಯುವಷ್ಟರಲ್ಲಿ ಅಮೃತಾ ಅವನ ಕಾಲಿಗೆ ಬಿದ್ದಿದ್ದಳು. "ಅಣ್ಣಾ, ಇಂಥಾ ದೊಡ್ಡ ಮನಸು ಯಾರಿಗೈತ್ರಿ!"

ಬೇರೆ ದಾರಿ ಕಾಣದೆ ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಛಲೋ ಆಗಲವ್ವ," ಎಂದ. ಅದೂ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಊಟದ ಪಂಕ್ತಿಯವರೆಲ್ಲ ಚಪ್ಪಾಳೆ ತಟ್ಟಿದರು.