‘ಚ’ ಅಕ್ಷರಕ್ಕೆ ಇಳಿ ಇರುವ ಚಾಲನಾ ಪರವಾನಗಿಗಳ ಜಪ್ತಿ ಕುರಿತು

ವಾಹನ ಪರವಾನಗಿ ಇಲಾಖೆ
(ಪರದೇಶದಿಂದ ಬಂದು ನೆಲೆಸಿದವರ ಶಾಖೆ)

ಸಂಖ್ಯೆ: ವಾಪಇ/ಪನೆ/ಇಳಿ/ಜಪ್ತಿ

ವಿಷಯ: ಪರದೇಶದವರಿಗೆ ವಿತರಣೆಯಾಗಿರುವ ನಕಲಿ ಚಾಲನಾ ಪರವಾನಗಿಗಳನ್ನು, ಅವುಗಳಲ್ಲಿ ಕಾಗುಣಿತ ಸರಿಯಾಗಿರುವ ಆಧಾರದ ಮೇಲೆ, ಪತ್ತೆ ಹಚ್ಚುವ ಬಗ್ಗೆ.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಹುಡುಕಲಾಗುತ್ತಿದೆ). 2) ಕಚೇರಿಯ ಕಾವಲುಗಾರರ ಮೌಖಿಕ ವರದಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಕಚೇರಿಯ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ, ಇಲಾಖೆಯ ಹೆಸರಿನಲ್ಲೇ ಒಂದು ನಕಲಿ ಕಚೇರಿ ನಡೆಯುತ್ತಿದ್ದುದು ಬೆಳಕಿಗೆ ಬಂದಿರುತ್ತದೆ. ಅಲ್ಲಿ ಅರ್ಜಿದಾರರಿಗೆ ಕುರ್ಚಿ ಹಾಕಲಾಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡಲಾಗುತ್ತಿತ್ತು. ವಾಹನ ಓಡಿಸಿ ತೋರಿಸಿ ಎಂದೂ ಹೇಳಲಾಗುತ್ತಿತ್ತು. ಇಷ್ಟೆಲ್ಲ ನಡೆದರೂ ಇದು ಸರ್ಕಾರಿ ಕಚೇರಿಯಲ್ಲವೆಂಬ ಅನುಮಾನ ಪರದೇಶದವರಲ್ಲಿ ಒಬ್ಬರಿಗೂ ಬಾರದಿರುವುದು ಆಶ್ಚರ್ಯಕರ. ಊರು ಗೊತ್ತಿಲ್ಲದ ಜನ ಎಂದು ಅವರನ್ನು ಕ್ಷಮಿಸಬಹುದಿತ್ತು. ಆದರೆ ಇಲಾಖೆಯ ಮರ್ಯಾದೆ ಮೂರುಕಾಸಿಗೆ ಹೋಗಿರುವುದರಿಂದ ಕ್ಷಮೆಗೆ ಅವಕಾಶವಿರುವುದಿಲ್ಲ.

ಇಲಾಖೆಯ ಅಸಲಿ ಕಾರ್ಡುಗಳ ಮೇಲೆ ಮೊದಲಿನಿಂದಲೂ ‘ವಾಹನ ಚಲನಾ ಪರವಾನಗಿ’ ಎಂದೇ ಮುದ್ರಿತವಾಗಿದೆ. ಇದು ಅಚ್ಚಿನ ತಪ್ಪು ಎಂಬುದು ಕೆಲವರ ವಾದ. ಸಂಪ್ರದಾಯ ಎಂಬುದು ಇಲಾಖೆಯ ನಿಲುವು. ನಕಲಿ ಕಾರ್ಡು ಮಾಡಿದವರು ಮಾತ್ರ, ಸ್ವಲ್ಪವೂ ನಾಚಿಕೆಯಿಲ್ಲದೆ, ‘ಚ’ಕ್ಕೆ ಇಳಿ ಕೊಟ್ಟು ‘ಚಾಲನಾ’ ಎಂದು ಅಚ್ಚು ಹಾಕಿಸಿರುತ್ತಾರೆ. ಆದ್ದರಿಂದ ಎಲ್ಲ ತಪಾಸಣಾ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಇಳಿ ಇದ್ದರೆ ನಕಲಿ, ಇಲ್ಲದಿದ್ದರೆ ಅಸಲಿ. ಇಳಿ ಇರುವ ಕಾರ್ಡು ಕಂಡಲ್ಲಿ ಸಿಬ್ಬಂದಿಯು ‘ಇಳಿ’ ಎಂದು ಗಟ್ಟಿಯಾಗಿ ಓದತಕ್ಕದ್ದು. ಅದನ್ನು ಕೇಳಿ ಚಾಲಕರು ವಾಹನದಿಂದ ಇಳಿದರೆ ತಪ್ಪೊಪ್ಪಿಕೊಂಡಂತೆ. ಇಳಿಯದಿದ್ದರೆ ಏಕವಚನಕ್ಕೆ ಬೇಸರಿಸಿದ್ದಾರೆಂದು ಭಾವಿಸಿ ‘ಇಳಿಯಿರಿ’ ಎಂದು ಮತ್ತೊಮ್ಮೆ ಓದತಕ್ಕದ್ದು.

2. ವರದಿಗಳಲ್ಲಿ ‘ಪರದೇಶಿ’ ಎಂಬ ಪದವನ್ನು ಬಳಸತಕ್ಕದ್ದಲ್ಲ. ಹಾಗೆ ಬರೆದಲ್ಲಿ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸಿಬ್ಬಂದಿಯೂ ಅದರೊಳಗೆ ಸೇರಿಬಿಡುವ ಸಂಭವವಿರುತ್ತದೆ.

3. ಇಳಿ, ಗುಡಿಸು, ಕೊಂಬು ಇವುಗಳ ವ್ಯತ್ಯಾಸ ತಿಳಿಯದ ತಪಾಸಕರಿಗೆ ಸ್ಲೇಟು ಒದಗಿಸಲಾಗುವುದು. ಈಚೆಗೆ ತಪಾಸಕರೊಬ್ಬರು ಕೊಂಬು ಇರುವುದೇ ನಕಲಿ ಎಂದು ತಿಳಿದು ಎತ್ತಿನ ಗಾಡಿಯೊಂದನ್ನು ಕಚೇರಿಗೆ ಹಿಡಿದು ತಂದಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಎತ್ತುಗಳನ್ನು ಬಿಡುಗಡೆ ಮಾಡಲಾಗಿದೆ.

4. ಇಲಾಖೆಯ ಪರೀಕ್ಷಾ ಮೈದಾನದಲ್ಲಿ ಅಧಿಕಾರಿಗಳ ಕಾರುಗಳು ನಿಲ್ಲುತ್ತಿರುವುದರಿಂದ ಬಹುಕಾಲದಿಂದ ಅಲ್ಲಿ ಯಾರನ್ನೂ ಪರೀಕ್ಷಿಸಿರುವುದಿಲ್ಲ. ಹೀಗಾಗಿ ಪರದೇಶದವರೊಬ್ಬರು ವಾಹನವನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ನಿಲ್ಲಿಸಿದಲ್ಲಿ, ಅವರು ಎಲ್ಲೋ ಕಲಿತು ಬಂದಿದ್ದಾರೆಂದು ಶಂಕಿಸಿ ಕಾರ್ಡನ್ನು ಕೂಡಲೇ ಪರಿಶೀಲಿಸತಕ್ಕದ್ದು.

5. ವಿಶೇಷ ಪ್ರಕರಣ: ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಪರದೇಶದ ನರ್ಸ್ ಒಬ್ಬರ ಕಾರ್ಡಿನಲ್ಲಿ ಇಳಿ ಪತ್ತೆಯಾಗಿದ್ದು, ಅವರ ಕಾರನ್ನು, ಒಳಗಿದ್ದ ಹತ್ತಿ, ಬ್ಯಾಂಡೇಜು, ಮುಲಾಮು ಸಮೇತ, ಕಚೇರಿಯ ಹಿತ್ತಲಿನಲ್ಲಿ ನಿಲ್ಲಿಸಿಕೊಳ್ಳಲಾಗಿದೆ. ವಿಚಾರಣೆಯಲ್ಲಿ ಕಾರ್ಡು ನಮ್ಮದೇ ಎಂದೂ, ಇಳಿಯನ್ನು ಮಾತ್ರ ಪೆನ್ನಿನಿಂದ ಬರೆಯಲಾಗಿದೆ ಎಂದೂ ತಿಳಿದುಬಂದಿರುತ್ತದೆ. ಆಕೆಯ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಸಂಜೆ ಕ್ಲಾಸಲ್ಲಿ ನಿಮ್ಮ ಭಾಷೆ ಕಲೀತಿದೀನಿ ಸಾರ್. ತಪ್ಪು ಕಂಡ್ರೆ ತಿದ್ದಬೇಕು ಅಂತ ಮೇಷ್ಟ್ರು ಹೇಳ್ಕೊಟ್ಟಿದ್ರು. ಕಾರ್ಡು ನಿಮ್ಮದೇ, ಇಳಿ ಮಾತ್ರ ನಂದು. ನೀವು ಖುಷಿ ಪಡ್ತೀರಾ ಅಂದ್ಕೊಂಡಿದ್ದೆ.”

ಇಲಾಖೆ ಖುಷಿ ಪಟ್ಟಿರುವುದಿಲ್ಲ. ಇಳಿಯನ್ನು ಉಳಿಸಿಕೊಂಡರೆ ಕಾರ್ಡು ನಕಲಿಯಾಗುತ್ತದೆ. ಅಳಿಸಿ ತಂದರೆ ಜಪ್ತಿಯಾದ ಸಾಕ್ಷ್ಯವನ್ನು ನಾಶ ಮಾಡಿದಂತಾಗುತ್ತದೆ. ಎರಡನ್ನೂ ಮಾಡದಿರಲು ಆಕೆಗೆ ಸೂಕ್ತ ಅವಕಾಶ ನೀಡಿ, ಪರವಾನಗಿಯನ್ನು ರದ್ದುಪಡಿಸಲಾಗಿದೆ. ಪರವಾನಗಿ ರದ್ದಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ದೇಶದಲ್ಲಿರುವ ಅನುಮತಿಯೂ ಹೋಗುತ್ತದೆ ಎಂದು ಆಕೆ ಕಣ್ಣೀರಿಟ್ಟಿದ್ದು, ಅವೆರಡೂ ಬೇರೆ ಇಲಾಖೆಗಳಿಗೆ ಸೇರಿದ ವಿಷಯಗಳೆಂದು ಸಮಾಧಾನ ಹೇಳಲಾಗಿದೆ.

6. ಇಂತಹ ಪ್ರಕರಣ ಮರುಕಳಿಸದಂತೆ, ಪರದೇಶದವರಿಗೆ ಪಾಠ ಹೇಳುವ ಸಂಜೆ ಶಾಲೆಗಳು ಮುಂದಿನ ಆದೇಶದವರೆಗೆ ಇಳಿಯನ್ನು ಕಲಿಸತಕ್ಕದ್ದಲ್ಲ. ‘ಕ’ ಆದ ಮೇಲೆ ನೇರವಾಗಿ ‘ಕಿ’ಗೆ ಹೋಗತಕ್ಕದ್ದು. ನಡುವೆ ಏನೋ ಬಿಟ್ಟುಹೋಗಿದೆ ಎಂದು ಕೇಳುವ ವಿದ್ಯಾರ್ಥಿಗಳ ಹೆಸರನ್ನು ಇಲಾಖೆಗೆ ಕಳುಹಿಸತಕ್ಕದ್ದು.

7. ನರ್ಸ್ ಬಾರದಿರುವ ಬಗ್ಗೆ ಆಕೆಯ ಆರೈಕೆಯಲ್ಲಿದ್ದ ವೃದ್ಧೆಯೊಬ್ಬರು ಕಚೇರಿಗೆ ದಿನವೂ ಫೋನ್ ಮಾಡಿ, “ಆ ಹುಡುಗೀನ ಯಾಕೋ ಹಿಡಿದಿಟ್ಕೊಂಡಿದೀಯ? ಹುಣ್ಣು ಬಿಚ್ಚಿ ತೊಳೆಯೋವಾಗ ಮುಖ ಸಿಂಡರಿಸದೆ ಇದ್ದೋಳು ಅವಳೊಬ್ಬಳೇ ಕಣೋ. ಇನ್ನು ನನ್ನ ಕಾಲು ಯಾರು ನೋಡ್ತಾರೆ?” ಎಂದು ಉಪನಿರ್ದೇಶಕರನ್ನು ಏಕವಚನದಲ್ಲಿ ಪ್ರಶ್ನಿಸುತ್ತಿದ್ದಾರೆ. ಕರ್ತವ್ಯದಲ್ಲಿರುವ ಅಧಿಕಾರಿಯನ್ನು ಹೀಗೆ ಸಂಬೋಧಿಸುವುದು ಆಕ್ಷೇಪಾರ್ಹ. ಆದರೂ ಕ್ರಮ ಬೇಡವೆಂದು ಉಪನಿರ್ದೇಶಕರು ತಗ್ಗಿದ ದನಿಯಲ್ಲಿ ತಿಳಿಸಿದ್ದು, ಅಂದಿನಿಂದ ಫೋನನ್ನು ಎತ್ತದಿರಲು ಸಿಬ್ಬಂದಿಗೆ ನಿರ್ದೇಶಿಸಲಾಗಿದೆ.

8. ಈ ಸುತ್ತೋಲೆಯಲ್ಲಿ ಕಾಗುಣಿತದ ತಪ್ಪು ಕಂಡವರು ಅದನ್ನು ಕಾಣದವರಂತೆ ವರ್ತಿಸತಕ್ಕದ್ದು.

(ಸಹಿ)/-
ಉಪನಿರ್ದೇಶಕರು (ಚಲನೆ)

ಪ್ರತಿಗಳು:

1. ಎಲ್ಲ ತಪಾಸಣಾ ಠಾಣೆಗಳಿಗೆ, ಸ್ಲೇಟಿನೊಂದಿಗೆ.
2. ಸಂಜೆ ಶಾಲೆಯ ಮೇಷ್ಟ್ರಿಗೆ, ಎಚ್ಚರಿಕೆಗಾಗಿ.
3. ಝೆರಾಕ್ಸ್ ಅಂಗಡಿಯವರಿಗೆ, ಈ ಸುತ್ತೋಲೆಯ ಹೆಚ್ಚುವರಿ ಪ್ರತಿಗಳನ್ನು ಮಾಡಿಕೊಡುವ ಸಲುವಾಗಿ.
4. ಸದರಿ ನರ್ಸ್ ಅವರಿಗೆ, ದೇಶ ಬಿಡುವ ಮುನ್ನ ಹಿತ್ತಲಿನಿಂದ ಕಾರನ್ನು ತೆಗೆಯಲು. ಓಡಿಸದೆ ತೆಗೆಯತಕ್ಕದ್ದು.
5. ಉಪನಿರ್ದೇಶಕರ ತಾಯಿಯವರಿಗೆ, ಅವರು ಫೋನಿನಲ್ಲಿ ಕೇಳಿರುವ ಪ್ರಶ್ನೆಗೆ ಉತ್ತರವಾಗಿ. ಅಂಚೆಯ ಮೂಲಕ.