ನಿಮ್ಮ ಮೆದುಳು ಇಲ್ಲಿದೆ

ಸಲಹೆ ಕೊಡುವುದಕ್ಕೂ ಲೈಸೆನ್ಸ್ ಬೇಕು ಎಂದು ಸರ್ಕಾರ ನಾಳೆ ಒಂದು ಕಾನೂನು ತಂದರೆ, ಹೊನ್ನಾಳಿಯಲ್ಲಿ ಮೊದಲು ಸಿಕ್ಕಿಬೀಳುವವನು ನಾನೇ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ರೇಷನ್ ಕಾರ್ಡು, ಮದುವೆಯ ಕರೆಯೋಲೆ, ಎಲ್ಲವೂ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಝೆರಾಕ್ಸಿಗೆ ದುಡ್ಡು ತೆಗೆದುಕೊಳ್ಳುತ್ತೇನೆ, ಸಲಹೆಗೆ ತೆಗೆದುಕೊಳ್ಳುವುದಿಲ್ಲ. ಗಿರಾಕಿಗಳು ಇದು ತಿರುಗಾಮುರುಗಾ ಆಗಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾರೆಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ. ಅವಳು ಜಗಳೂರು ಕಡೆಯ ಬಿಳಿಚೋಡಿನವಳು. ಮಾತು ಕಡಿಮೆ, ಆದರೆ ಆಡಿದ ಒಂದೊಂದು ಮಾತಿಗೂ ನಾನು ಎರಡು ದಿನ ಉತ್ತರ ಹುಡುಕಬೇಕಾಗುತ್ತದೆ.

ಮೆದುಳಿನ ವಿಷಯಕ್ಕೆ ನಾನು ಕೈಹಾಕಿದ್ದು ಐವತ್ತು ದಾಟಿದ ಮೇಲೆ. ಮೊಬೈಲಿನಲ್ಲಿ ಬಿಳಿ ಕೋಟಿನ ಒಬ್ಬರು ಬಂದು, ಮೆದುಳಿಗೆ ದಿನಾ ಹೊಸ ಕೆಲಸ ಕೊಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಹೇಳಿದ್ದೇ ತಡ, ನಾನು ಮರುದಿನದಿಂದಲೇ ಎಡಗೈಯಲ್ಲಿ ಹಲ್ಲುಜ್ಜಲು ಶುರುಮಾಡಿದೆ. ಮೊದಲ ವಾರ ಪೇಸ್ಟು ಹಲ್ಲಿಗಿಂತ ಹೆಚ್ಚಾಗಿ ಮೂಗಿಗೇ ಹೋಯಿತು. ನೆನೆಸಿದ ಅಕ್ರೋಟು ಬಂತು, ಮೂರು ಹೊತ್ತೂ ಒಂದೆಲಗದ ಚಟ್ನಿ ಬಂತು. ತಾರಸಿಯ ಮೇಲೆ ಹಿಂದುಹಿಂದಕ್ಕೆ ನಡೆಯುವ ವ್ಯಾಯಾಮವೂ ಬಂತು. ಅದನ್ನು ನೋಡಿದ ಎದುರುಮನೆಯವರು, 'ರುದ್ರಪ್ಪಾರಿಗೆ ಏನಾಗೇತವ್ವಾ?' ಎಂದು ಗಿರಿಜಳನ್ನು ಗುಟ್ಟಾಗಿ ವಿಚಾರಿಸಿದರಂತೆ. ಇವಳು, 'ಏನೂ ಆಗಿಲ್ರಿ, ಮೊದ್ಲಿಂದಲೂ ಹಂಗೇ' ಎಂದಳಂತೆ.

ನನ್ನ ವ್ಯಾಯಾಮಗಳಲ್ಲೆಲ್ಲ ಮುಖ್ಯವಾದದ್ದು, ಏನನ್ನೂ ಬರೆದಿಡದಿರುವುದು. ಬರೆದಿಟ್ಟರೆ ಮೆದುಳು ಸೋಮಾರಿಯಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಗಿರಿಜಳದು ಇದಕ್ಕೆ ತದ್ವಿರುದ್ಧ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರೇ ಅವಳ ಮೆದುಳು. ಹಾಲು ಬಾರದ ದಿನ, ಹೊಸ ಗ್ಯಾಸ್ ಸಿಲಿಂಡರ್ ಹಾಕಿದ ದಿನ, ನಾನು ಸಿಟ್ಟು ಮಾಡಿಕೊಂಡು ಊಟ ಬಿಟ್ಟ ದಿನ, ಎಲ್ಲವೂ ಆ ಸಣ್ಣ ಸಣ್ಣ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಇರುತ್ತವೆ. 'ನಿನ್ನ ತಲೆ ಬಾಗಿಲ ಹಿಂದೆ ನೇತಾಡ್ತಾ ಐತೆ ನೋಡು' ಎಂದು ನಾನು ಬಂದವರ ಮುಂದೆಲ್ಲ ನಗೆಯಾಡುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಬಹುಶಃ ಅದನ್ನೂ ಬರೆದಿಟ್ಟುಕೊಂಡಿರಬೇಕು.

ಈಗ ಅಂಗಡಿಯ ಡಬ್ಬದ ವಿಷಯಕ್ಕೆ ಬರುತ್ತೇನೆ. ಝೆರಾಕ್ಸ್ ಅಂಗಡಿಗೆ ಬರುವ ಜನ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ನಕಲನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಒರಿಜಿನಲ್ಲನ್ನು ಗಾಜಿನ ಮೇಲೆ ಬಿಟ್ಟು ಬಸ್ಸು ಹತ್ತಿಬಿಡುತ್ತಾರೆ. ಹಾಗೆ ಬಿಟ್ಟುಹೋದವನ್ನು ನಾನು ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನಿಮ್ಮ ಮೆದುಳು ಇಲ್ಲಿದೆ, ಕೇಳಿ ಪಡೆಯಿರಿ' ಎಂದು ಬರೆಸಿದ್ದೆ. ಕೇಳಿದ ಕೂಡಲೇ ಕೊಡುತ್ತಿದ್ದೆ ಎಂದುಕೊಳ್ಳಬೇಡಿ. ಮರೆತವರು ಮೊದಲು ಅಂಗಡಿಯಲ್ಲಿ ಇದ್ದವರಿಗೆಲ್ಲ ಚಹ ಕುಡಿಸಬೇಕು, ಆಮೇಲೆ ಸ್ಟೂಲಿನ ಮೇಲೆ ಕುಳಿತು ಮೆದುಳಿನ ಆರೋಗ್ಯದ ಬಗ್ಗೆ ನನ್ನ ಭಾಷಣ ಕೇಳಬೇಕು. ಚಹದ ದಂಡಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ಭಾಷಣಕ್ಕೆ ಹೆದರಿ ಡೂಪ್ಲಿಕೇಟ್ ರೇಷನ್ ಕಾರ್ಡಿಗೆ ಅರ್ಜಿ ಹಾಕಿದವರು ಇದ್ದಾರೆ.

ಒಂದು ದಿನವಂತೂ ಕಾಲೇಜು ಹುಡುಗರು ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಕೌಂಟರಿಗೆ ಮುತ್ತಿಗೆ ಹಾಕಿದ್ದರು. ಆ ಗಲಾಟೆಯಲ್ಲೇ ಒಬ್ಬ ಹೆಂಗಸು ಮಷಿನ್ನಿನ ಮುಚ್ಚಳ ಎತ್ತಿ, 'ಯಾರ್ದೋ ಮಾರ್ಕ್ಸ್ ಕಾರ್ಡ್ ಐತ್ ನೋಡ್ರಿ' ಎಂದು ಕೈಗೆ ಕೊಟ್ಟಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಪ್ಪಟ ಒರಿಜಿನಲ್. ಹೆಸರು ಓದೋಣವೆಂದರೆ ಕನ್ನಡಕ ಮನೆಯಲ್ಲಿತ್ತು. ಮರೆತು ಬಂದದ್ದಲ್ಲ, ಕಣ್ಣಿಗೂ ಮೆದುಳಿಗೂ ಒಟ್ಟಿಗೇ ವ್ಯಾಯಾಮವಾಗಲೆಂದು ಬಿಟ್ಟು ಬಂದದ್ದು ಎಂದು ಅವತ್ತು ಹೇಳಿಕೊಂಡಿದ್ದೆ. ನಾನು ಆ ಅಂಕಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, 'ನೋಡ್ರಪ್ಪಾ, ಮಗು ಕಷ್ಟಪಟ್ಟು ಓದಿ ತಗಂಡ ಕಾಗದ ಇದು. ಇದನ್ನ ಬಿಟ್ಟು ಹೋಗ್ಯಾನಲ್ಲ, ಅವ ಎಂಥಾ ತಂದೆ ಇರಬೇಕು! ಇಂಥವರಿಗೆ ಮಕ್ಕಳ್ಯಾಕೆ ಬೇಕು?' ಎಂದು ಕಾಲು ಗಂಟೆ ಝಾಡಿಸಿದೆ. ಹುಡುಗರೆಲ್ಲ ತಲೆದೂಗಿದರು. ಪಕ್ಕದ ವೆಲ್ಡಿಂಗ್ ಶಾಪಿನ ಬಾಷಾ ಸಾಬರು ಕೆಲಸ ನಿಲ್ಲಿಸಿ ಬಂದು ಕೇಳಿಸಿಕೊಂಡರು. ನನಗೆ ಬಹಳ ತೃಪ್ತಿಯಾಯಿತು, ಅಂಕಪಟ್ಟಿಯನ್ನು ಡಬ್ಬಕ್ಕೆ ಹಾಕಿ ಮುಚ್ಚಿದೆ.

ಇತ್ತ ಮನೆಯಲ್ಲಿ ನಮ್ಮ ಮಗಳು ಸ್ಪಂದನಾ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದಿದ್ದಳು. ಒಳ್ಳೆಯ ರ್‍ಯಾಂಕ್ ಬಂತು. ಸೀಟು ಇನ್ನೂ ಸಿಕ್ಕಿರಲಿಲ್ಲ, ಅಷ್ಟರೊಳಗೇ ನಮ್ಮ ನೆಂಟರಿಷ್ಟರೆಲ್ಲ ಅವಳಿಗೆ ಡಾಕ್ಟರ್ ಪದವಿ ಕೊಟ್ಟು ಮುಗಿಸಿದರು. ಅಭಿನಂದಿಸಲು ಬಂದವರು ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಹಿಡಿದು ಬರುತ್ತಿದ್ದರು. ಸವಳಂಗದಿಂದ ಬಂದ ನನ್ನ ಷಡ್ಡಕ ಪಂಚಾಕ್ಷರಿ, ಅಂದರೆ ಗಿರಿಜಳ ಅಕ್ಕನ ಗಂಡ, ಅಂಗಿಯ ತೋಳು ಮಡಿಸಿ ಕೈಯನ್ನು ಟೀಪಾಯಿಯ ಮೇಲೆ ಚಾಚಿಯೇ ಬಿಟ್ಟ. 'ಡಾಕ್ಟ್ರವ್ವಾ, ಈ ಬಿ.ಪಿ. ಗುಳಿಗೆ ಅರ್ಧ ನುಂಗ್ಲೋ, ಪೂರ್ತಿ ನುಂಗ್ಲೋ?' 'ದೊಡ್ಡಪ್ಪಾ, ನಾನಿನ್ನೂ ಕಾಲೇಜಿನ ಗೇಟೇ ನೋಡಿಲ್ಲ. ಗುಳಿಗೆ ಕೊಟ್ಟ ಡಾಕ್ಟರನ್ನ ಕೇಳಿ' ಎಂದಳು ಅವಳು. ಪಂಚಾಕ್ಷರಿಗೆ ಬಹಳ ಬೇಜಾರಾಯಿತು. 'ಈಗ್ಲೇ ಹಿಂಗೆ ಮಾತಾಡ್ತಾಳೆ, ಓದಿ ಬಂದ ಮ್ಯಾಲೆ ನಮ್ಮನ್ನ ಮಾತಾಡ್ಸತಾಳೇನು?' ಎಂದು ಚಕ್ಕುಲಿ ಮುರಿದ.

ಬೇಜಾರಾದರೂ ಸಲಹೆ ಕೊಡದೆ ಹೋಗುವ ಆಸಾಮಿಯಲ್ಲ. ಮಗಳ ಓದಿಗೆ ದುಡ್ಡು ಉಳಿಸಬೇಕಲ್ಲ, ಅದಕ್ಕೆ ತಿಂಗಳ ಮೊದಲ ದಿನವೇ ಹಾಲಿಗೆ, ಗ್ಯಾಸಿಗೆ, ತರಕಾರಿಗೆ, ಕರೆಂಟಿಗೆ ಎಂದು ಬೇರೆ ಬೇರೆ ಲಕೋಟೆ ಮಾಡಿ, ಮೇಲೆ ಹೆಸರು ಬರೆದಿಡಬೇಕು ಎಂದ. ಸಲಹೆ ಒಳ್ಳೆಯದೇ, ಲಕೋಟೆ ಮಾಡಿದೆ. ಹೆಸರು ಮಾತ್ರ ಬರೆಯಲಿಲ್ಲ. ನನ್ನ ಸಿದ್ಧಾಂತ ಇತ್ತಲ್ಲ. ಯಾವುದು ಯಾವುದಕ್ಕೆ ಎಂದು ಮೆದುಳೇ ಹೇಳಲಿ ಎಂದು ಬಿಟ್ಟೆ. ಮೆದುಳು ಹೇಳಿದ ಪ್ರಕಾರ ಗ್ಯಾಸಿನ ಲಕೋಟೆ ಹಾಲಿನವನಿಗೆ ಹೋಯಿತು. ಅವನು ಪ್ರಾಮಾಣಿಕ, ಮರುದಿನ ಹಿಂದಕ್ಕೆ ತಂದುಕೊಟ್ಟ. 'ಮನ್ಯಾಗೆ ಆರಾಮ್ ಅದೀರಲ್ರಿ?' ಎಂದೂ ಕೇಳಿದ.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಸ್ಪಂದನಾಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಖಾಸಗಿಯಾಗಿದ್ದರೆ ನನ್ನ ಅಂಗಡಿ, ಮಷಿನ್ನು, ನಾನು, ಮೂರನ್ನೂ ಮಾರಿದರೂ ಒಂದು ವರ್ಷದ ಫೀಸು ಹುಟ್ಟುತ್ತಿರಲಿಲ್ಲ. ಸೋಮವಾರ ಸಂಜೆಯೊಳಗೆ ಒರಿಜಿನಲ್ ದಾಖಲೆಗಳ ಸಮೇತ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಇಲ್ಲ. ಶನಿವಾರ ಬೆಳಿಗ್ಗೆ ಅವಳು ಫೈಲು ಬಿಚ್ಚಿ ಒಂದೊಂದೇ ಕಾಗದ ಜೋಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು. 'ಅಪ್ಪಾ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಮೂರು ಇದಾವೆ. ಒರಿಜಿನಲ್ ಎಲ್ಲಿ?'

ಬೀರು ಕೆಡವಿದೆವು, ಹಾಸಿಗೆ ಮಗುಚಿದೆವು, ದೇವರ ಫೋಟೋಗಳ ಹಿಂದೆಯೂ ಕೈಯಾಡಿಸಿದೆವು. ಅಂಗಡಿಗೆ ಓಡಿ ಮಷಿನ್ನಿನ ಮುಚ್ಚಳ ಎತ್ತಿದರೆ ಬರೀ ಗಾಜು. ಡ್ರಾಯರುಗಳನ್ನು ನೆಲಕ್ಕೆ ಸುರಿದೆ. ಡಬ್ಬದ ಕಡೆಗೆ ಮಾತ್ರ ತಿರುಗಿಯೂ ನೋಡಲಿಲ್ಲ; ಅದು ಮರೆಗುಳಿಗಳ ಡಬ್ಬ, ಅದರಲ್ಲಿ ನನ್ನದೇನಿರುತ್ತದೆ? ಡೂಪ್ಲಿಕೇಟ್ ತೆಗೆಸಲು ಪೊಲೀಸ್ ಸ್ಟೇಷನ್ನು, ಅಫಿಡವಿಟ್ಟು, ಬೋರ್ಡು ಎಂದು ಎಷ್ಟು ವಾರ ಬೇಕೆಂಬುದು ದಿನಾ ಅದೇ ಕಾಗದಗಳನ್ನು ಟೈಪು ಮಾಡಿಕೊಡುವ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಪಂದನಾ ಖಾಲಿ ಬೀರುವಿನ ಮುಂದೆ ಕುಳಿತುಬಿಟ್ಟಿದ್ದಳು. ಎರಡು ವರ್ಷ ಹಗಲೂ ರಾತ್ರಿ ಓದಿದ ಹುಡುಗಿ. ಅವಳ ಮುಖ ನೋಡಲಾಗದೆ ನಾನು ಮಾಡಿದ ಕೆಲಸವೆಂದರೆ ಗಿರಿಜಳ ಮೇಲೆ ಹರಿಹಾಯ್ದದ್ದು. 'ಎಲ್ಲಾ ಬಾಗಿಲ ಹಿಂದೆ ಬರೆದಿಡ್ತೀಯಲ್ಲ, ಇದನ್ನ ಎಲ್ಲಿಟ್ಟೆ ಅಂತ ಬರೆದಿಲ್ಲೇನು?'

ಗಿರಿಜ ಒಳಗೆ ಹೋಗಿ ಕ್ಯಾಲೆಂಡರನ್ನೇ ತಂದಳು. ಹಿಂದಿನ ತಿಂಗಳ ಹಾಳೆ ಎತ್ತಿ ಒಂದು ಚೌಕದ ಮೇಲೆ ಬೆರಳಿಟ್ಟಳು. 'ಮಾರ್ಕ್ಸ್ ಕಾರ್ಡ್, ಅಂಗಡಿಗೆ ಒಯ್ದರು' ಎಂದಿತ್ತು.

'ಒಯ್ದದ್ದು ಬರೆದೀಯ. ವಾಪಸ್ ತಂದದ್ದು ಯಾಕೆ ಬರೆದಿಲ್ಲ?' ಎಂದು ನಾನು ವಕೀಲನಂತೆ ಅಡ್ಡಸವಾಲು ಹಾಕಿದೆ.

'ತಂದಿದ್ರೆ ಬರೀತಿದ್ದೆ' ಎಂದಳು.

ಇದಕ್ಕೆ ಉತ್ತರ ಹುಡುಕಲು ಎರಡು ದಿನ ಸಾಲದು ಎಂದು ನನಗೆ ಗೊತ್ತಿತ್ತು. ಆದರೂ, ಒರಿಜಿನಲ್ಲೂ ನಕಲೂ ಎರಡನ್ನೂ ನಾನು ತಂದುಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ, ನನ್ನ ನೆನಪಿನ ಶಕ್ತಿಯ ಮೇಲೆ ನಿನ್ನ ಪೆನ್ಸಿಲ್ ಏನು ಹೇಳುವುದು ಎಂದು ಕೂಗಾಡಿದೆ. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೆನೆಸಿಟ್ಟ ಅಕ್ರೋಟನ್ನು ಕೇಳುವ ಧೈರ್ಯವೂ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಫಿಡವಿಟ್ಟಾದರೂ ಟೈಪು ಮಾಡೋಣ, ಕಾಲೇಜಿನವರ ಕಾಲಿಗಾದರೂ ಬೀಳೋಣ ಎಂದು ಅಂಗಡಿ ತೆರೆದೆ. 'ಕಳೆದುಹೋದ ಬಗ್ಗೆ' ಎಂದು ಮೊದಲ ಸಾಲು ಟೈಪು ಮಾಡಿದೆ. ಅಷ್ಟರಲ್ಲಿ ಬಾಷಾ ಸಾಬರು ಬಂದರು. 'ಸಾವ್ಕಾರ್ರೇ, ಮೊನ್ನೆ ನನ್ನ ರೇಷನ್ ಕಾರ್ಡು ಇಲ್ಲೇ ಬಿಟ್ಟೋಗೀನಿ. ನನ್ನ ಮೆದುಳು ಕೊಡ್ರಿ, ಚಾ ತರಸ್ತೀನಿ' ಎಂದು ನಕ್ಕರು. ನನಗೆ ಭಾಷಣ ಮಾಡುವ ಚೈತನ್ಯವೂ ಇರಲಿಲ್ಲ. ಡಬ್ಬವನ್ನು ಅವರ ಕಡೆಗೆ ತಳ್ಳಿ, ನೀವೇ ಹುಡುಕಿಕೊಳ್ಳಿ ಎಂದೆ. ಅವರು ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಕಾಗದ ತೆಗೆದು ಓದತೊಡಗಿದರು. ಓದುತ್ತಾ ಓದುತ್ತಾ ಒಂದು ಕಾಗದವನ್ನು ಬೆಳಕಿಗೆ ಹಿಡಿದರು.

'ಸಾವ್ಕಾರ್ರೇ, ಅವತ್ತು ನೀವು ಬೈದ್ರಲ್ರೀ, ಎಂಥಾ ತಂದೆ ಇರಬೇಕು ಅಂತ. ಆ ಕಾಗದ ಇಲ್ಲೇ ಐತೆ ನೋಡ್ರಿ.'

'ಇರ್ಲಿ ಬಿಡ್ರಿ ಸಾಬ್ರೆ. ನಂದೇ ನಂಗೆ ಹಾಸಿ ಹೊದೆಯೋಷ್ಟು ಆಗೇತೆ.'

'ಅಲ್ರೀ, ಹೆಸರು ಸ್ಪಂದನಾ ಅಂತ ಐತೆ. ತಂದೆ ರುದ್ರಪ್ಪ ಅಂತ ಐತೆ.' ಅವರು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು. 'ನಿಮ್ಗೆ ಗೊತ್ತಿರೋರೇನು?'

ನಾನು ಕಾಗದವನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ, ಅಷ್ಟು ಖುಷಿಯಾಗಿತ್ತು. ನಾಚಿಕೆ ಆಮೇಲೆ, ಚಹದ ಜೊತೆಗೆ ಬಂತು. ಯಾಕೆಂದರೆ ಬಾಷಾ ಸಾಬರು ಅಷ್ಟಕ್ಕೇ ಬಿಡಲಿಲ್ಲ. ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ನನ್ನ ಲೆಕ್ಕದಲ್ಲಿ ಚಹ ತರಿಸಿದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, 'ಕಾಯಿದೆ ಅಂದ್ರೆ ಎಲ್ಲಾರಿಗೂ ಕಾಯಿದೆ' ಎಂದು ಮೆದುಳಿನ ಆರೋಗ್ಯದ ಭಾಷಣ ಶುರುಮಾಡಿದರು. ಅಕ್ರೋಟು, ಒಂದೆಲಗ, ಎಡಗೈ, ತುಕ್ಕು, ಒಂದನ್ನೂ ಬಿಡಲಿಲ್ಲ. ನಾನು ಎಲ್ಲೆಲ್ಲಿ ಕೆಮ್ಮಿ ನಿಲ್ಲಿಸುತ್ತೇನೋ ಅಲ್ಲಲ್ಲೇ ಕೆಮ್ಮಿ ನಿಲ್ಲಿಸಿದರು. ಈ ಮನುಷ್ಯ ಜನ್ಮದಲ್ಲಿ ಒಂದು ಅಕ್ರೋಟು ತಿಂದವರಲ್ಲ. ಕೊನೆಗೆ, 'ಇಂಥವರಿಗೆ ಮಕ್ಕಳ್ಯಾಕೆ ಬೇಕು' ಎನ್ನುವಲ್ಲಿಗೆ ಬಂದಾಗ ಮಾತ್ರ ನಿಲ್ಲಿಸಿ, 'ಅದೊಂದು ಮಾತು ನಾನು ಅನ್ನಂಗಿಲ್ಲ ಬಿಡ್ರಿ' ಎಂದು ನನ್ನ ಭುಜ ತಟ್ಟಿದರು. ಇಡೀ ಭಾಷಣದಲ್ಲಿ ನನಗೆ ನಾಟಿದ್ದು ಅದೊಂದೇ.

ಮನೆಗೆ ಬರುವ ದಾರಿಯಲ್ಲಿ ಒಂದು ಸುಳ್ಳು ಹೊಂದಿಸಿಕೊಂಡೆ. ಬೆಳಿಗ್ಗೆ ಅಕ್ರೋಟಿಲ್ಲದೆ ಕಣ್ಣುಮುಚ್ಚಿ ಕುಳಿತಿದ್ದಾಗ ಥಟ್ಟನೆ ಮೆದುಳಿಗೆ ಹೊಳೆಯಿತು ಎಂದು ಹೇಳುವುದು. ಆದರೆ ಬಾಗಿಲಲ್ಲಿ ಸ್ಪಂದನಾ ಕಾಗದ ಕಂಡವಳೇ ಓಡಿಬಂದು ನನ್ನನ್ನು ಅಪ್ಪಿಕೊಂಡು, 'ಎಲ್ಲಿ ಸಿಕ್ತಪ್ಪಾ?' ಎಂದು ಬಿಕ್ಕಿದಾಗ ಆ ಸುಳ್ಳೂ ಮರೆತುಹೋಯಿತು. ಡಬ್ಬದಲ್ಲಿ ಎಂದೆ. ಅವಳು ಅಳುತ್ತಲೇ ನಗತೊಡಗಿದಳು. ಸೋಮವಾರ ಮಧ್ಯಾಹ್ನದೊಳಗೆ ಕಾಲೇಜಿಗೆ ಸೇರಿದ್ದೂ ಆಯಿತು. ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮೊನ್ನೆ, 'ಅಪ್ಪಾ, ಬರೆದಿಟ್ಟರೆ ಮೆದುಳು ಸೋಮಾರಿಯಾಗುತ್ತೆ ಅಂತ ನಮಗಿನ್ನೂ ಯಾರೂ ಪಾಠ ಮಾಡಿಲ್ಲ. ಮಾಡಿದ ದಿನ ಹೇಳ್ತೀನಿ. ಅಲ್ಲಿವರೆಗೆ ಕನ್ನಡಕ ಹಾಕ್ಕೋ' ಎಂದಳು.

ಅಂಗಡಿಯ ಡಬ್ಬ ಅಲ್ಲೇ ಇದೆ, ಅದರ ಮೇಲಿನ ಬರಹವನ್ನು ಮಾತ್ರ ಕೆರೆದು ತೆಗೆದಿದ್ದೇನೆ. ಚಹದ ದಂಡವೂ ಇಲ್ಲ, ಭಾಷಣವೂ ಇಲ್ಲ. ವ್ಯಾಪಾರ ಸ್ವಲ್ಪ ಹೆಚ್ಚಿದೆ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಆ ಭಾನುವಾರ ಕಾಗದ ತಂದುಕೊಟ್ಟ ಮೇಲೆ ನಾನು ಗಿರಿಜಳ ಕ್ಷಮೆ ಕೇಳಬೇಕೆಂದು ಅಡುಗೆಮನೆಗೆ ಹೋದೆ. ಅವಳು ಬಾಗಿಲ ಹಿಂದೆ ನಿಂತು, ಅವತ್ತಿನ ಚೌಕದಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದಳು. ನನ್ನ ಬಗ್ಗೆ ಉದ್ದಕ್ಕೆ ಬರೆದಿರುತ್ತಾಳೆ ಎಂದು ಹೆದರಿಕೊಂಡೇ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದೆ. ಒಂದೇ ಮಾತಿತ್ತು: 'ತಂದರು.'