ಗೊಂಬೆಯನ್ನು ಕೇಳಿ ಸೀರೆ ಉಡಿಸುವ ಅಕ್ಕ

ನಮ್ಮ ಅಕ್ಕನಿಗೆ ತಲೆ ಸರಿಯಿಲ್ಲ ಅಂತ ಸಿಂಧನೂರಿನ ಬಜಾರವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಸರಿಯಿದೆ, ಬೇಕಾದ್ದಕ್ಕಿಂತ ಹೆಚ್ಚೇ ಸರಿಯಿದೆ, ಅದೇ ತೊಂದರೆ!

ನಾನು ದುಡಿಯುವ ಸೀರೆ ಅಂಗಡಿಯ ಬಾಗಿಲಲ್ಲಿ ಒಂದು ರೋಬೋಟ್ ಗೊಂಬೆ ಇದೆ. ಎದುರಿಗೆ ಯಾರು ಬಂದರೂ ಕೈ ಮುಗಿದು "ಸ್ವಾಗತ" ಅನ್ನುತ್ತದೆ. ಅದಕ್ಕೆ ದಿನಾ ಹೊಸ ಸೀರೆ ಉಡಿಸಲು ಅಕ್ಕನನ್ನು ಸೇರಿಸಿದವನು ನಾನೇ. ಮೊದಲ ದಿನವೇ ಪರದೆ ಬೇಕೆಂದಳು. ಯಾರಿಗೆ? ಗೊಂಬೆಗೆ!

"ಸ್ವಿಚ್ ಬಂದ್ ಮಾಡಿ ಉಡಸ ಬೇ," ಅಂದರು ಅಂಗಡಿಯ ಸಾಹುಕಾರರು.

"ನಿದ್ದಿ ಹತ್ತಿದಾಕಿ ಸೀರಿಗೆ ಕೈ ಹಾಕಂಗಿಲ್ರೀ."

ಸ್ವಿಚ್ ಹಾಕಿ, "ಉಡಸ್ಲೇನವ್ವಾ?" ಅಂತ ಕೇಳಿ ನೆರಿಗೆ ಹಿಡಿದಳು. ಗೊಂಬೆ "ಸ್ವಾಗತ" ಅಂತ ಕೈ ಮುಗಿಯಿತು. ನೆರಿಗೆಯೆಲ್ಲ ಅದರ ಅಂಗೈ ನಡುವೆ! ಬಿಡಿಸುವಷ್ಟರಲ್ಲಿ ಹನ್ನೊಂದು ಗಂಟೆ.

ಮೊನ್ನೆ ಲಿಂಗಸುಗೂರಿನಿಂದ ಮದುವೆ ಜವಳಿಗೆ ಬಂದ ಮದುಮಗ ಗೊಂಬೆಯ ಸೊಂಟ ಬಳಸಿ ಸೆಲ್ಫಿಗೆ ನಿಂತ. ಅಕ್ಕ ಬಟ್ಟೆ ಅಳೆಯುವ ಕೋಲಿನಿಂದ ಅವನ ಕೈಗೊಂದು ಬಿಟ್ಟಳು. (ಅವನನ್ನು ಮಾತ್ರ ಕೇಳಲಿಲ್ಲ!)

"ಮುಟ್ಟೂಕಿಂತ ಮೊದ್ಲು ಆಕೀನ್ನ ಕೇಳಿದ್ಯೇನಲೇ?"

"ಅದು ಬೊಂಬಿ ಐತಿ ಬೇ ಅಕ್ಕಾ!"

"ಅದು ಬೊಂಬಿ ಅಂತ ನನಗೂ ಗೊತ್ತೈತಿ. ನೀ ಮನುಷ್ಯಾ ಅಂತ ನಮಗ ಹೆಂಗ ಗೊತ್ತಾಗಬೇಕು?"

ಜೊತೆಗೆ ಬಂದಿದ್ದ ಮದುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಾಹುಕಾರರು ನನಗೆ ಬೈದರು.

ಸಂಜೆ ಮನೆಗೆ ಹೋಗುವ ಮಸ್ಕಿ ಬಸ್ಸಿನಲ್ಲಿ ನಾನೂ ರೇಗಿದೆ. "ಸಾಕ್ ಮಾಡು ಅಕ್ಕಾ. ಅದಕ್ಕ ಬ್ಯಾಡ ಅನ್ನಾಕಾದ್ರೂ ಬರತೈತೇನು?"

"ಇಲ್ಲ," ಅಂದಳು. "ನನಗೂ ಆವತ್ತು ಬರಲಿಲ್ಲ."

ಆವತ್ತು ಅಂದರೆ, ಮುದಗಲ್ಲಿನವರು ಅವಳನ್ನು ನೋಡಲು ಬಂದ ದಿನ. ಹುಡುಗಿ ಒಪ್ಪಿದ್ದಾಳೋ ಕೇಳಿ ಬಾ ಅಂತ ಹಿರಿಯರು ನನ್ನನ್ನು ಒಳಗೆ ಕಳಿಸಿದರು. ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು. ಏನೂ ಅನ್ನಲಿಲ್ಲ. ಹೊರಗೆ ಬಂದು "ಹೂಂ ಅಂದಾಳ್ರೀ" ಅಂದವನು ನಾನು. ಏಳನೆಯ ತರಗತಿಗೆ ಶಾಲೆ ಬಿಟ್ಟವನ ಮಾತನ್ನು ಅದುವರೆಗೆ ಯಾರೂ ನಂಬಿರಲಿಲ್ಲ. ಆವತ್ತೊಂದು ದಿನ ಎಲ್ಲರೂ ನಂಬಿಬಿಟ್ಟರು! ಮದುವೆಯಾಗಿ ಎಂಟು ತಿಂಗಳಿಗೆ ಅಕ್ಕ ತವರಿಗೆ ತಿರುಗಿ ಬಂದಳು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮೊದಲೆಲ್ಲ ಭಾನುವಾರ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದವಳು ಆಮೇಲೆ ನನ್ನನ್ನು ಮುಟ್ಟಿಲ್ಲ. ಈಗ ಕೂದಲೂ ಅಷ್ಟು ಉಳಿದಿಲ್ಲ ಬಿಡಿ. ಆದರೂ ಭಾನುವಾರ ಬಂದರೆ ತಲೆ ಅವಳ ಕೈಗಾಗಿ ಹಂಬಲಿಸುತ್ತದೆ.

"ಅಕ್ಕಾ, ನಿನ್ನ ಕೈ ಹಿಡೀಲೇನು?" ಅಂದೆ.

ಕಿಟಕಿಯ ಹೊರಗೆ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಈ ಸಲ ನಾನು ಅದನ್ನು ಹೂಂ ಅಂದುಕೊಳ್ಳಲಿಲ್ಲ. ನನ್ನ ಕೈ ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತೆ.

ಮಸ್ಕಿ ಬಂತು. ಇಳಿಯುವ ಮೊದಲು ಅಕ್ಕ ನನ್ನ ಕಡೆ ತಿರುಗಿದಳು.

"ಮೊದ್ಲು ಈ ಚೀಲ ಹಿಡಿ," ಅಂದಳು.